ನಿಷ್ಕಾಳಜಿಯೆಂಬ ತೀರ್ಪು

ಮನೆಯೊಳಗೆ ಬೆಂಕಿ ಹೊತ್ತಿ ಜೀವಹಾನಿಯಾದಾಗ ಅದಕ್ಕೆ ಮನೆಯವರ, ಅದರಲ್ಲೂ ಒಲೆಯ ಮುಂದಿದ್ದ ಹೆಂಗಸಿನ ಅಜಾಗರೂಕತೆಯೇ ಕಾರಣವೆಂಬ ನಂಬಿಕೆ ಕನ್ನಡ ನಾಡಿನಲ್ಲಿ ಎಷ್ಟು ಗಟ್ಟಿಯಾಗಿ ನೆಲೆಯೂರಿದೆಯೆಂದರೆ, ಅದು ಕೇವಲ ಒಂದು ಅಭಿಪ್ರಾಯ ಎಂಬುದೇ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಧಾರವಾಡ ಸೀಮೆಯಲ್ಲಿ ಇದಕ್ಕೆ ‘ನಿಷ್ಕಾಳಜಿ’ ಎಂಬ ಹೆಸರಿದೆ. ಕಾಳಜಿ ಇಲ್ಲದ ನಡವಳಿಕೆ ಎಂಬ ಅರ್ಥದ ಈ ಮಾತು ಪಂಚನಾಮೆಯಿಂದ ಹಿಡಿದು ಸಾವಿನ ಮನೆಯ ಎದುರಿನ ಕಟ್ಟೆಯವರೆಗೆ ಎಲ್ಲ ಕಡೆಯೂ ಸಲೀಸಾಗಿ ಓಡಾಡುತ್ತದೆ, ಮತ್ತು ‘ಮೈಮ್ಯಾಲೆ ಖಬರ ಇರಬೇಕಿತ್ತು’ ಎಂಬ ಉದ್ಗಾರದೊಂದಿಗೆ ವಿಚಾರಣೆ ಮುಗಿದುಹೋಗುತ್ತದೆ. ಈ ನಂಬಿಕೆ ತಪ್ಪು, ಅದರ ಮೇಲೆ ಕಟ್ಟಿದ ಅಗ್ನಿಸುರಕ್ಷತೆಯ ಬೋಧನೆಯೂ ತಪ್ಪು, ಮತ್ತು ಈ ಎರಡು ತಪ್ಪುಗಳು ಕೂಡಿ ಉಳಿಯಬಹುದಾಗಿದ್ದ ಜೀವಗಳನ್ನು ತೆಗೆಯುತ್ತಿವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. ಧಾರವಾಡದಿಂದ ಸವದತ್ತಿಗೆ ಹೋಗುವ ದಾರಿಯಲ್ಲಿರುವ ಅಮ್ಮಿನಬಾವಿಯಂಥ ದೊಡ್ಡ ಹಳ್ಳಿಯನ್ನು ಕಣ್ಣೆದುರು ಇಟ್ಟುಕೊಂಡು ಇಲ್ಲಿಯ ವಾದವನ್ನು ಬೆಳೆಸಿದೆ, ಏಕೆಂದರೆ ಬೆಂಕಿಯ ಕುರಿತ ಸಾರ್ವಜನಿಕ ಚರ್ಚೆ ಬಹುಮಹಡಿ ಕಟ್ಟಡಗಳ ಸುತ್ತಲೇ ತಿರುಗುತ್ತದೆಯೇ ಹೊರತು ಜಂತಿ ಮಾಳಿಗೆಯ ಮನೆಯೊಳಗೆ ಕಾಲಿಡುವುದು ತೀರ ಅಪರೂಪ.

ಪೂರ್ವಪಕ್ಷವನ್ನು ಅದರ ಪೂರ್ಣ ಬಲದಲ್ಲಿಯೇ ಮಂಡಿಸುವುದು ನ್ಯಾಯ. ಒಂದೇ ಓಣಿಯಲ್ಲಿ, ಒಂದೇ ಬಗೆಯ ಒಲೆಯ ಮುಂದೆ ನೂರು ಹೆಂಗಸರು ನಲವತ್ತು ವರ್ಷ ರೊಟ್ಟಿ ಬಡಿದು ಕ್ಷೇಮವಾಗಿ ಬಾಳಿರುವಾಗ ನೂರಾ ಒಂದನೆಯವಳು ಸುಟ್ಟುಕೊಂಡರೆ ಒಲೆಯಲ್ಲಿ ದೋಷ ಹುಡುಕುವುದು ಹೇಗೆ ಎಂದು ಈ ಪಕ್ಷದವರು ಕೇಳುತ್ತಾರೆ. ಒಲೆ ಆರಿಸದೆ ಮಲಗಿದವರು, ಮೇವಿನ ಪಕ್ಕದಲ್ಲಿ ಬೀಡಿ ಸೇದಿದವರು, ಉರಿಯುವ ಚಿಮಣಿಗೆ ಎಣ್ಣೆ ಸುರಿದವರು ಎಲ್ಲ ಊರುಗಳಲ್ಲಿಯೂ ಇದ್ದಾರೆಂಬುದನ್ನು ಅವರು ನೆನಪಿಸುತ್ತಾರೆ. ಇದರಲ್ಲಿ ಒಂದು ಅಂಶ ನಿಜವೇ: ಮನುಷ್ಯನ ಗಮನ ತಪ್ಪುತ್ತದೆ. ಆದರೆ ವಾದವನ್ನು ಕೆಡಹುವುದೂ ಅದೇ ಅಂಶ. ದಿನಕ್ಕೆ ಮೂರು ಹೊತ್ತಿನಂತೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ ಬೆಂಕಿ ಹೊತ್ತಿಸುವ, ಅದೇ ಹೊತ್ತಿಗೆ ತೊಟ್ಟಿಲ ಕೂಸನ್ನೂ ಕೊಟ್ಟಿಗೆಯ ಎಮ್ಮೆಯನ್ನೂ ಮುದುಕರ ಗುಳಿಗೆಯನ್ನೂ ನೋಡಿಕೊಳ್ಳಬೇಕಾದ ಒಬ್ಬಳ ಗಮನ ಜೀವಮಾನದಲ್ಲಿ ಒಮ್ಮೆಯೂ ತಪ್ಪದೆಂಬ ಎಣಿಕೆಯ ಮೇಲೆ ಇಡೀ ಮನೆಯ ರಕ್ಷಣೆಯನ್ನು ನಿಲ್ಲಿಸುವುದು ಯಾವ ವಿವೇಕಕ್ಕೂ ಒಪ್ಪುವಂಥದಲ್ಲ. ಬಾವಿ ತೋಡಿಸಿದ ಊರು ಅದಕ್ಕೆ ಕಟ್ಟೆಯನ್ನೂ ಕಟ್ಟಿಸುತ್ತದೆ; ಮಕ್ಕಳಿಗೆ ‘ನೋಡಿಕೊಂಡು ನಡೆ’ ಎಂದು ಹೇಳಿದ ಮೇಲೂ ಕಟ್ಟಿಸುತ್ತದೆ, ಏಕೆಂದರೆ ಮಗು ನೋಡದೆ ನಡೆಯುವ ಒಂದು ಗಳಿಗೆ ಬಂದೇ ಬರುತ್ತದೆಂದು ಊರಿನ ಹಿರಿಯರಿಗೆ ತಿಳಿದಿರುತ್ತದೆ. ಬಾವಿಯ ವಿಷಯದಲ್ಲಿ ಇರುವ ಈ ತಿಳಿವಳಿಕೆ ಒಲೆಯ ವಿಷಯದಲ್ಲಿ ಇಲ್ಲದೆ ಹೋಗಿರುವುದೇ ಇಲ್ಲಿ ಆಕ್ಷೇಪಿಸುತ್ತಿರುವ ಸಂಗತಿ.

ಸಾಯುವವರು ಯಾರು ಎಂಬುದನ್ನು ಮೊದಲು ನೋಡಬೇಕು. ಪ್ರಾಚಿ ಸಾಂಘವಿ, ಕವಿ ಭಲ್ಲಾ ಮತ್ತು ವೀಣಾ ದಾಸ್ ಅವರು 2009ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು 2001ರ ಒಂದೇ ವರ್ಷದಲ್ಲಿ ಭಾರತದಲ್ಲಿ ಬೆಂಕಿಯಿಂದ ಸುಮಾರು 1,63,000 ಜನ ಸತ್ತರೆಂದು ಅಂದಾಜಿಸಿತು. ಅವರಲ್ಲಿ 1,06,000 ಮಂದಿ ಸ್ತ್ರೀಯರು, ಅವರಲ್ಲಿಯೂ ಹೆಚ್ಚಿನವರು 15ರಿಂದ 34ರ ವಯಸ್ಸಿನವರು. ಈ ಅಂದಾಜು ಪೊಲೀಸ್ ದಾಖಲೆಯ ಸಂಖ್ಯೆಯ ಆರು ಪಟ್ಟು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ಕ್ಕೆ ಕೊಡುವ ಬೆಂಕಿ ಅವಘಡದ ಸಾವುಗಳ ಸಂಖ್ಯೆ 7,435, ಮತ್ತು ಅರ್ಧಕ್ಕಿಂತ ಹೆಚ್ಚು ಸಾವುಗಳು ವಾಸದ ಮನೆಗಳಲ್ಲಿಯೇ ಆದವು. ಎರಡು ಲೆಕ್ಕಗಳ ವಿಧಾನ ಬೇರೆ, ವರ್ಷವೂ ಬೇರೆಯಾದ್ದರಿಂದ ಒಂದರಿಂದ ಇನ್ನೊಂದನ್ನು ಕಳೆಯಲಾಗದು. ಆದರೆ ಠಾಣೆಯ ಪುಸ್ತಕದಲ್ಲಿ ಕಾಣುವುದಕ್ಕಿಂತ ಬಹಳ ಹೆಚ್ಚು ಸಾವುಗಳು ಸುಟ್ಟಗಾಯದ ವಾರ್ಡುಗಳಲ್ಲಿ ಸದ್ದಿಲ್ಲದೆ ಮುಗಿಯುತ್ತವೆ ಎಂಬುದು ಸ್ಪಷ್ಟ. ಅಜಾಗರೂಕತೆಯೇ ಕಾರಣವೆನ್ನುವವರು ಇಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಕಬ್ಬಿನ ಗಾಣದ ಒಲೆ, ಕಮ್ಮಾರಸಾಲೆಯ ಕುಲುಮೆ, ಖಾನಾವಳಿಯ ಭಟ್ಟಿ ಇವೆಲ್ಲ ಬಹುಮಟ್ಟಿಗೆ ಗಂಡಸರ ಕೈಯಲ್ಲಿರುವ, ಅಡುಗೆಯ ಒಲೆಗಿಂತ ಎಷ್ಟೋ ಪಟ್ಟು ಉಗ್ರವಾದ ಬೆಂಕಿಗಳು. ಹಾಗಿದ್ದೂ ತಾರುಣ್ಯದ ಹೆಂಗಸರೇ ಗಂಡಸರಿಗಿಂತ ಮೂರು ಪಟ್ಟು ಹೆಚ್ಚು ಸಾಯುವುದಾದರೆ, ಮನೆ ನಡೆಸುವ ಕಾಳಜಿಯನ್ನೆಲ್ಲ ಯಾರ ಮೇಲೆ ಹೊರಿಸಿದೆಯೋ ಅವರೇ ಎಲ್ಲರಿಗಿಂತ ನಿಷ್ಕಾಳಜಿಗಳು ಎಂದು ಒಪ್ಪಬೇಕಾಗುತ್ತದೆ. ಇಂಥ ತೀರ್ಮಾನಕ್ಕೆ ಒಯ್ಯುವ ತರ್ಕದಲ್ಲಿ ಮೂಲದಲ್ಲಿಯೇ ದೋಷವಿದೆ.

ಆ ಸಂಖ್ಯೆಯ ಹಿಂದೆ ಇನ್ನೊಂದು ಸತ್ಯವೂ ಇದೆ, ಮತ್ತು ಅದನ್ನು ಹೇಳದೆ ಮುಂದೆ ಹೋಗುವುದು ಅಪ್ರಾಮಾಣಿಕವಾದೀತು. ಹತ್ತಿದ ಬೆಂಕಿಯೆಲ್ಲ ಆಕಸ್ಮಿಕವಲ್ಲ. ಕೆಲವನ್ನು ಹಚ್ಚಲಾಗುತ್ತದೆ, ಕೆಲವನ್ನು ನೊಂದವರೇ ಹಚ್ಚಿಕೊಳ್ಳುತ್ತಾರೆ. ‘ಸ್ಟವ್ ಸಿಡಿದು ಗೃಹಿಣಿ ಸಾವು’ ಎಂಬ ಒಂದು ಸಾಲು ದಶಕಗಳ ಕಾಲ ವರದಕ್ಷಿಣೆಯ ಕೊಲೆಗಳಿಗೆ ಪರದೆಯಾಗಿ ನಿಂತಿತ್ತು. 1983ರಲ್ಲಿ ಗಂಡನ ಮನೆಯ ಕ್ರೌರ್ಯವನ್ನು, 1986ರಲ್ಲಿ ವರದಕ್ಷಿಣೆ ಸಾವನ್ನು ಪ್ರತ್ಯೇಕ ಅಪರಾಧಗಳೆಂದು ದಂಡಸಂಹಿತೆಯಲ್ಲಿ ಸೇರಿಸಬೇಕಾಗಿ ಬಂದದ್ದಕ್ಕೆ ಆ ಪರದೆಯೂ ಒಂದು ಕಾರಣ. ಬೆಂಗಳೂರಿನ ‘ವಿಮೋಚನಾ’ ಸಂಘಟನೆ 1990ರ ದಶಕದಲ್ಲಿ ಹೆಂಗಸರ ಅಸಹಜ ಸಾವುಗಳನ್ನು ಒಂದೊಂದಾಗಿ ಕಲೆಹಾಕಿ ಈ ಬಗೆಯ ಸಾಲುಗಳನ್ನು ಪ್ರಶ್ನಿಸಿತು. ಆದ್ದರಿಂದ ‘ಅಜಾಗರೂಕತೆ’ ಎಂಬ ಪದಕ್ಕೆ ಕೇವಲ ತಪ್ಪಾದ ವಿವರಣೆಯ ಪಾಪವಷ್ಟೇ ಅಂಟಿಲ್ಲ. ಕೊಲೆಯನ್ನೂ ಕಳಪೆ ಸ್ಟವ್ವನ್ನೂ ಒಂದೇ ಸಲಕ್ಕೆ ಮುಚ್ಚಿಹಾಕಿ, ಸತ್ತವಳನ್ನೇ ತಪ್ಪಿತಸ್ಥಳನ್ನಾಗಿ ಮಾಡುವ ಶಕ್ತಿ ಆ ಒಂದು ಪದಕ್ಕೆ ಇದೆ.

ಇನ್ನು ಮನೆಯ ರಚನೆಗೆ ಬರಬಹುದು. ಧಾರವಾಡ ಸೀಮೆಯ ಹಳೆಯ ಮನೆಯ ಕ್ರಮ ಎಲ್ಲರಿಗೂ ಪರಿಚಿತ: ಬೀದಿಗೆ ತಲಬಾಗಿಲು, ಅದನ್ನು ದಾಟಿದೊಡನೆ ದನಗಳ ಗೋದಲಿ, ಆಮೇಲೆ ಪಡಸಾಲೆ, ಅದರ ಹಿಂದೆ ನಡುಮನೆ, ಎಲ್ಲಕ್ಕಿಂತ ಒಳಗೆ ಅಡುಗೆಮನೆ ಮತ್ತು ದೇವರ ಮನೆ, ಮೇಲೆ ಕಟ್ಟಿಗೆಯ ತೊಲೆ, ಜಂತಿ, ಅವುಗಳ ಮೇಲೆ ಮಣ್ಣಿನ ಮಾಳಿಗೆ, ಕಳ್ಳಕಾಕರ ಭಯಕ್ಕೆ ಕಿಟಕಿಗಳು ಸಣ್ಣವು, ಅವಕ್ಕೂ ಸರಳು. ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ, ದನಕ್ಕೂ ಜನಕ್ಕೂ ಒಂದೇ ಸೂರು ಎಂಬ ದೃಷ್ಟಿಯಿಂದ ಇದು ಜಾಣತನದ ಕಟ್ಟಡವೇ ಸರಿ. ಆದರೆ ಬೆಂಕಿಯ ದೃಷ್ಟಿಯಿಂದ ನೋಡಿದರೆ, ಬೆಂಕಿಯೊಡನೆ ಕೆಲಸ ಮಾಡುವವಳು ಹೊರಬಾಗಿಲಿನಿಂದ ಎಲ್ಲರಿಗಿಂತ ದೂರದಲ್ಲಿರುತ್ತಾಳೆ, ಮತ್ತು ಅವಳಿಗೂ ಬೀದಿಗೂ ನಡುವೆ ದನ, ಮೇವು, ಹೊಟ್ಟಿನ ಚೀಲ, ಸುಗ್ಗಿಯ ನಂತರ ಬೆಲೆ ಏರಲೆಂದು ಕೂಡಿಟ್ಟ ಹತ್ತಿಯ ರಾಶಿ ಇವೆಲ್ಲ ಬಿದ್ದಿರುತ್ತವೆ. ಹತ್ತಿಯ ಬೆಂಕಿ ಮೇಲೆ ಆರಿದಂತೆ ತೋರಿ ಒಳಗೊಳಗೇ ತಾಸುಗಟ್ಟಲೆ ನುಸುಳುವಂಥದು. ಅಗ್ನಿಶಾಮಕ ಇಲಾಖೆಗಳು ಪ್ರತಿವರ್ಷ ಏಪ್ರಿಲ್ 14ರಿಂದ 20ರವರೆಗೆ ಆಚರಿಸುವ ಅಗ್ನಿಶಾಮಕ ಸೇವಾ ಸಪ್ತಾಹವೇ 1944ರ ಏಪ್ರಿಲ್ 14ರಂದು ಮುಂಬಯಿಯ ಬಂದರಿನಲ್ಲಿ ‘ಫೋರ್ಟ್ ಸ್ಟಿಕಿನ್’ ಹಡಗು ಸಿಡಿದಾಗ ಮಡಿದ 66 ಅಗ್ನಿಶಾಮಕ ಸಿಬ್ಬಂದಿಯ ಸ್ಮರಣೆಗಾಗಿ. ಆ ಹಡಗಿನಲ್ಲಿ ಸಿಡಿಮದ್ದಿನ ಜೊತೆ ಹತ್ತಿಯ ಅಂಡಿಗೆಗಳೂ ತುಂಬಿದ್ದವು. ಹಿತ್ತಲ ಬಾಗಿಲು ಇರುವ ಮನೆಗಳಲ್ಲಿಯೂ ಅದರ ಎದುರು ಕುಳ್ಳು, ಹತ್ತಿಕಟ್ಟಿಗೆ ಒಟ್ಟಿರುವುದು ಸಾಮಾನ್ಯ, ಹಾಗೆ ಒಟ್ಟಿದ ಬಾಗಿಲು ಬಾಗಿಲಾಗಿ ಉಳಿಯುವುದಿಲ್ಲ. ಇದಾವುದರಲ್ಲಿಯೂ ಯಾರ ಅಜಾಗರೂಕತೆಯೂ ಇಲ್ಲ. ಎಲ್ಲವೂ ತಲೆಮಾರುಗಳಿಂದ ಬಂದ ಏರ್ಪಾಡು, ಮತ್ತು ಬದಲಾಯಿಸಬೇಕಾದದ್ದೂ ಏರ್ಪಾಡನ್ನೇ.

ಮನೆಯ ಹೊರಗಿನ ಬಣವಿಯ ಬೆಂಕಿಗೂ ಇದೇ ಮಾತು ಸಲ್ಲುತ್ತದೆ. ಕಣಕಿಯ ಬಣವಿ ಸುಟ್ಟರೆ ಊರು ಮೊದಲು ವೈರಿಯನ್ನು, ಆಮೇಲೆ ಬೀಡಿ ಸೇದಿದವನನ್ನು ಹುಡುಕುತ್ತದೆ. ಸರಿಯಾಗಿ ಒಣಗದ ಮೇವನ್ನು ಒತ್ತಿ ಒಟ್ಟಿದರೆ ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಅದರ ಒಡಲೊಳಗೆ ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದೆಂಬುದನ್ನು ಯಾರೂ ಕಲಿಸಿರುವುದಿಲ್ಲ.

ವಸ್ತುಗಳ ತಯಾರಿಕೆಯಲ್ಲಿನ ದೋಷವನ್ನು ಬಳಸುವವರ ನಡತೆಯ ದೋಷವೆಂದು ಓದುವುದು ಈ ನಂಬಿಕೆಯ ಅತಿ ಹಳೆಯ ಚಟ. ಒಂದು ಬಾಟಲಿ, ಮುಚ್ಚಳಕ್ಕೊಂದು ತೂತು, ಅದರಲ್ಲೊಂದು ಬತ್ತಿ, ಒಳಗೆ ಚಿಮಣಿ ಎಣ್ಣೆ ಇಷ್ಟೇ ಇದ್ದ ದೀಪ ಉರುಳಿದರೆ ಎಣ್ಣೆಯೆಲ್ಲ ಚೆಲ್ಲಿ ಉರಿಯುತ್ತಿತ್ತು, ಮತ್ತು ಉರುಳಿಸಿದ ಮಗುವಿಗೆ ಬೈಗುಳವೂ ಸುಟ್ಟಗಾಯವೂ ಒಟ್ಟಿಗೆ ದೊರೆಯುತ್ತಿದ್ದವು. ಶ್ರೀಲಂಕಾದ ಶಸ್ತ್ರವೈದ್ಯ ವಿಜಯ ಗೊಡಕುಂಬುರ ಅವರು ಇಂಥ ದೀಪಗಳಿಂದ ಸುಟ್ಟವರಿಗೆ ಚಿಕಿತ್ಸೆ ಮಾಡಿ ಮಾಡಿ, ಎಚ್ಚರಿಕೆಯ ಭಾಷಣಕ್ಕೆ ಬದಲಾಗಿ ದೀಪವನ್ನೇ ತಿದ್ದಿದರು: ಗಿಡ್ಡವಾದ, ಭಾರವಾದ, ಎರಡು ಬದಿ ಚಪ್ಪಟೆಯಾದ ಗಾಜಿನ ಬುಡ್ಡಿ ಮತ್ತು ತಿರುಪಿನ ಲೋಹದ ಮುಚ್ಚಳ. ಅದು ಸುಲಭಕ್ಕೆ ಉರುಳುವುದಿಲ್ಲ, ಉರುಳಿದರೂ ಹೊರಳಿಕೊಂಡು ಹೋಗುವುದಿಲ್ಲ, ಎಣ್ಣೆಯೂ ಚೆಲ್ಲುವುದಿಲ್ಲ. 1998ರಲ್ಲಿ ಅವರಿಗೆ ರೋಲೆಕ್ಸ್ ಪ್ರಶಸ್ತಿ ಬಂದದ್ದು ಈ ಸಣ್ಣ ತಿದ್ದುಪಡಿಗೆ. ಅಮೆರಿಕದಲ್ಲಿಯೂ ಮಕ್ಕಳು ಲೈಟರಿನೊಂದಿಗೆ ಆಡಿ ಮನೆ ಸುಟ್ಟಾಗ ತಾಯಂದಿರ ಮೇಲೆ ಹೊರಿಸುತ್ತಿದ್ದ ತಪ್ಪನ್ನು 1994ರಲ್ಲಿ ಲೈಟರಿನ ಮೇಲೆಯೇ ಹೊರಿಸಿ, ಐದು ವರ್ಷದೊಳಗಿನ ಮಗುವಿನ ಕೈಗೆ ಸುಲಭವಾಗಿ ಹೊತ್ತದಂತೆ ಅದನ್ನು ಮಾಡಬೇಕೆಂದು ನಿಯಮ ತಂದ ಮೇಲೆ ಅಂಥ ಬೆಂಕಿಗಳು ಅರ್ಧಕ್ಕಿಂತಲೂ ಹೆಚ್ಚು ಇಳಿದವು; ಆ ಅವಧಿಯಲ್ಲಿ ಅಲ್ಲಿಯ ತಾಯಂದಿರು ಇಮ್ಮಡಿ ಎಚ್ಚರವಾದರೆಂದು ಯಾರೂ ಹೇಳಲಾರರು. ಕರ್ನಾಟಕಕ್ಕೂ ತನ್ನದೇ ಆದ ಉದಾಹರಣೆಯಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆ ಕಟ್ಟಿಗೆ ಉಳಿಸಲು, ಹೊಗೆ ಕಳೆಯಲು ಹುಟ್ಟಿದ್ದಾದರೂ, ಉರಿಯನ್ನು ಗೂಡಿನೊಳಗೆ ಮುಚ್ಚಿಟ್ಟು ಸೆರಗಿಗೂ ಜ್ವಾಲೆಗೂ ನಡುವೆ ಗೋಡೆ ನಿಲ್ಲಿಸಿದ್ದು ಅದರ ಅಷ್ಟೇ ದೊಡ್ಡ ಗುಣ. ಮೂರು ಕಲ್ಲಿನ ತೆರೆದ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತವಳ ಸೀರೆಗೆ ಉರಿ ತಗುಲುವುದು ಒಲೆಯ ಆಕಾರದಿಂದಲೇ ನಿರ್ಧಾರವಾಗಿರುತ್ತದೆ.

ಅಡುಗೆ ಅನಿಲ ಬಂದ ಮೇಲೆ ಅಪಾಯದ ಸ್ವರೂಪವೇ ಬದಲಾಯಿತು, ಬೋಧನೆ ಮಾತ್ರ ಬದಲಾಗಲಿಲ್ಲ. 2016ರ ಮೇ 1ರಂದು ಆರಂಭವಾದ ಉಜ್ವಲಾ ಯೋಜನೆಯಿಂದ 14.2 ಕಿಲೋ ತೂಕದ ಸಿಲಿಂಡರು ಬಡವರ ಅಡುಗೆಮನೆಗೂ ಬಂದು ಅವರನ್ನು ಹೊಗೆಯಿಂದ ಬಿಡಿಸಿದ್ದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಅನಿಲ ಎಂಥದೆಂದು ವಿವರಿಸುವವರು ಯಾರು? ಅದು ಪ್ರೊಪೇನ್ ಮತ್ತು ಬ್ಯುಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡದಲ್ಲಿ ದ್ರವವಾಗಿದ್ದು ಹೊರಬಂದಾಗ ಸುಮಾರು ಇನ್ನೂರೈವತ್ತು ಪಟ್ಟು ಹಿಗ್ಗುತ್ತದೆ. ಸ್ವತಃ ವಾಸನೆಯಿಲ್ಲದ್ದರಿಂದ ಸೋರಿಕೆ ತಿಳಿಯಲೆಂದು ಅದಕ್ಕೆ ಮರ್ಕ್ಯಾಪ್ಟನ್ ಎಂಬ ದುರ್ವಾಸನೆಯ ರಾಸಾಯನಿಕವನ್ನು ಬೆರೆಸಿರುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಹಳೆಯ ಮನೆಯ ಅಡುಗೆಮನೆ ಹೊಗೆಗಾಗಿ ಕಟ್ಟಿದ್ದು: ಹೊಗೆ ಮೇಲೇರುತ್ತದೆ, ಆದ್ದರಿಂದ ಮಾಳಿಗೆಯಲ್ಲಿ ಬೆಳಕಿಂಡಿ. ಅನಿಲವಾದರೋ ಕೆಳಗಿಳಿದು ನೆಲದ ಮೇಲೆ ಹರಡುತ್ತದೆ, ಮತ್ತು ಎತ್ತರದ ಹೊಸ್ತಿಲು ಅದನ್ನು ಕೆರೆಯ ಒಡ್ಡಿನಂತೆ ಒಳಗೇ ತಡೆದು ನಿಲ್ಲಿಸುತ್ತದೆ. ಪಕ್ಕದ ದೇವರ ಮನೆಯಲ್ಲಿ ನೆಲಮಟ್ಟದಲ್ಲಿ ನಂದಾದೀಪ ಉರಿಯುತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಹೊಗೆಗೆ ತಕ್ಕ ಮನೆಯೊಳಗೆ ಅನಿಲವನ್ನು ತಂದಿಟ್ಟು, ಬೆಳಕಿಂಡಿಯಿಂದ ಅನಿಲ ಹೊರಹೋಗುವುದಿಲ್ಲವೆಂಬ ಒಂದು ಮಾತನ್ನೂ ತಿಳಿಸದೆ, ‘ಜಾಗ್ರತೆಯಿಂದ ಬಳಸಿ’ ಎಂದರೆ ಜಾಗ್ರತೆ ಯಾವ ದಿಕ್ಕಿಗೆ ತಿರುಗಬೇಕು?

2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್ ಭಾಗದ ಅಚ್ಚವ್ವನ ಕಾಲೊನಿಯಲ್ಲಿ ರಾತ್ರಿ ಮಲಗಿದ್ದ ಅಯ್ಯಪ್ಪ ಮಾಲಾಧಾರಿಗಳ ನಡುವೆ ಸಿಲಿಂಡರಿನ ಅನಿಲ ಸೋರಿ ಹೊತ್ತಿಕೊಂಡು ಒಂಬತ್ತು ಮಂದಿ ಸುಟ್ಟುಕೊಂಡರು, ಆಸ್ಪತ್ರೆ ಸೇರಿದ ಅವರಲ್ಲಿ ಎಂಟು ಮಂದಿ ಒಬ್ಬರ ನಂತರ ಒಬ್ಬರಂತೆ ತೀರಿಕೊಂಡರು. ಶುಚಿಯಾಗಿ, ನೇಮದಿಂದ ವ್ರತ ಹಿಡಿದ ಜನ ಅವರು. ಅವರ ಮೇಲೆ ನಿಷ್ಕಾಳಜಿಯ ಆರೋಪ ಹೊರಿಸುವುದು ಯಾವ ಮನಸ್ಸಿಗೂ ಒಗ್ಗುವುದಿಲ್ಲ. ಮಲಗುವ ಜಾಗದಲ್ಲಿ ಸಿಲಿಂಡರು ಇರಕೂಡದು, ಅನಿಲ ನೆಲದ ಮೇಲೆ, ಅಂದರೆ ಮಲಗಿದವರ ಮೈಮಟ್ಟದಲ್ಲಿಯೇ ಹರಿಯುತ್ತದೆ, ರಾತ್ರಿ ರೆಗ್ಯುಲೇಟರನ್ನು ಮುಚ್ಚಲೇಬೇಕು ಎಂಬ ಮೂರು ಸಂಗತಿಗಳು ಮಗ್ಗಿಯಂತೆ ಬಾಯಿಗೆ ಬಂದಿದ್ದ ಸಮಾಜದಲ್ಲಿ ಆ ರಾತ್ರಿ ಬೇರೆಯಾಗಿರುತ್ತಿತ್ತು. ಸಿಲಿಂಡರಿನ ಮರುಪರೀಕ್ಷೆಯ ಅವಧಿಯನ್ನು ಅದರ ಕೊರಳಿನ ಪಟ್ಟಿಯ ಮೇಲೆ ‘ಬಿ-27’ ಎಂಬಂತೆ ಬರೆದಿರುತ್ತಾರೆ. ವರ್ಷವನ್ನು ಮೂರು ಮೂರು ತಿಂಗಳ ನಾಲ್ಕು ಭಾಗ ಮಾಡಿ ಎ, ಬಿ, ಸಿ, ಡಿ ಎಂದು ಗುರುತಿಸುವ ಈ ಕ್ರಮದಲ್ಲಿ ‘ಬಿ-27’ ಎಂದರೆ 2027ರ ಜೂನ್ ಅಂತ್ಯ. ಇಂಗ್ಲಿಷ್ ಅಕ್ಷರದಲ್ಲಿ, ವಿವರಣೆಯಿಲ್ಲದೆ ಬರೆದ ಈ ಗುರುತನ್ನು ಓದದಿರುವುದನ್ನು ಬಳಕೆದಾರಳ ತಪ್ಪೆಂದು ಎಣಿಸುವುದು ಅನ್ಯಾಯ. ಸೋರಿಕೆಯಾದರೆ ದಿನದ ಯಾವ ಹೊತ್ತಿಗೂ ಕರೆಯಬಹುದಾದ 1906 ಎಂಬ ಸಂಖ್ಯೆ ಎಷ್ಟು ಅಡುಗೆಮನೆಗಳ ಗೋಡೆಯ ಮೇಲಿದೆ ಎಂಬುದನ್ನು ಯಾರು ಬೇಕಾದರೂ ತಮ್ಮ ಓಣಿಯಲ್ಲಿ ಎಣಿಸಿ ನೋಡಬಹುದು.

‘ಶಾರ್ಟ್ ಸರ್ಕ್ಯೂಟ್’ ಎಂಬ ಮಾತು ನಿಷ್ಕಾಳಜಿಯ ತಮ್ಮನಿದ್ದಂತೆ. ಮನುಷ್ಯರನ್ನು ದೂರಲಾಗದಾಗ ವಿಧಿಯನ್ನು ದೂರುವ ಹಾಗೆ ಅದನ್ನು ಬಳಸಲಾಗುತ್ತದೆ. ವಿದ್ಯುತ್ತು ತನ್ನ ಹಾದಿ ಬಿಟ್ಟು ಅಡ್ಡದಾರಿಯಿಂದ ಒಮ್ಮೆಲೇ ಭಾರಿ ಪ್ರಮಾಣದಲ್ಲಿ ಹರಿಯುವುದು ಶಾರ್ಟ್ ಸರ್ಕ್ಯೂಟ್. ಅದಕ್ಕೆ ಸದಾ ಒಂದು ಕಾರಣವಿರುತ್ತದೆ, ಮತ್ತು ಆ ಕಾರಣ ಸಾಮಾನ್ಯವಾಗಿ ಕಣ್ಣಿಗೆ ಕಾಣುವಂಥದೇ. ಬಡವರ ಮನೆಗೆ ವಿದ್ಯುತ್ತು ಕೊಟ್ಟ ಭಾಗ್ಯಜ್ಯೋತಿ ಯೋಜನೆಯ ಒಂದು ಬಲ್ಬಿಗೆಂದು ಎಳೆದ ತಂತಿಯ ಮೇಲೆ ಈಗ ಫ್ರಿಜ್ಜು, ಮಿಕ್ಸರು, ಇಸ್ತ್ರಿ ಪೆಟ್ಟಿಗೆ, ಹಂಡೆಯಲ್ಲಿ ಇಳಿಬಿಡುವ ಕಾಯಿಲ್ ಎಲ್ಲವೂ ಜೋತುಬಿದ್ದಿವೆ. ತಂತಿಯಲ್ಲಿ ಹರಿಯುವ ವಿದ್ಯುತ್ತು ಎರಡು ಪಟ್ಟಾದರೆ ಹುಟ್ಟುವ ಕಾವು ನಾಲ್ಕು ಪಟ್ಟಾಗುತ್ತದೆಂಬುದು ಭೌತವಿಜ್ಞಾನದ ಸರಳ ನಿಯಮ. ಕಾವು ಮಿತಿ ಮೀರುವ ಮೊದಲೇ ಕರಗಿ ಹರಿವನ್ನು ಕಡಿಯಲೆಂದು ಫ್ಯೂಸ್ ಇರುತ್ತದೆ. ಅದು ಮತ್ತೆ ಮತ್ತೆ ಹೋಗುತ್ತದೆಂದು ದಪ್ಪ ತಾಮ್ರದ ತಂತಿ ಕಟ್ಟಿದ ದಿನವೇ ಕಾವಲುಗಾರನ ಕೈಕಾಲು ಕಟ್ಟಿದಂತಾಗುತ್ತದೆ. ಅತಿಯಾದ ಹರಿವನ್ನು ತಾನೇ ನಿಲ್ಲಿಸುವ ಎಂಸಿಬಿ, ವಿದ್ಯುತ್ತು ಮನುಷ್ಯನ ಮೈಯಲ್ಲೋ ಒದ್ದೆ ಗೋಡೆಯಲ್ಲೋ ಸೋರಿದೊಡನೆ ಕಡಿದುಹಾಕುವ ಆರ್‌ಸಿಸಿಬಿ ಎಂಬ ಎರಡು ಸಣ್ಣ ಸಾಧನಗಳು ಯಾರ ಎಚ್ಚರವನ್ನೂ ಬೇಡದೆ, ಎಲ್ಲರೂ ನಿದ್ರಿಸುವಾಗಲೂ ದುಡಿಯುತ್ತವೆ. ಮೀಟರು ಕೂಡಿಸುವಾಗಲೇ ಇವೆರಡೂ ಬೋರ್ಡಿನಲ್ಲಿವೆಯೇ ಎಂದು ನೋಡುವುದು ಕಟ್ಟುನಿಟ್ಟಾಗಬೇಕು.

ಅಗ್ನಿಶಾಮಕ ದಳ ಇದೆಯಲ್ಲ ಎಂಬುದು ಇನ್ನೊಂದು ಸಮಾಧಾನ. 1964ರ ಕಾಯ್ದೆಯಡಿ ಕೆಲಸ ಮಾಡುವ ರಾಜ್ಯದ ಅಗ್ನಿಶಾಮಕ ಸೇವೆಯ ಸಿಬ್ಬಂದಿಯ ಧೈರ್ಯ ಪ್ರಶ್ನಾತೀತ. ಪ್ರಶ್ನೆ ಇರುವುದು ದೂರ ಮತ್ತು ಕಾಲದ್ದು. ಧಾರವಾಡದಿಂದ ಅಮ್ಮಿನಬಾವಿಗೆ ಹತ್ತು ಹನ್ನೆರಡು ಕಿಲೋಮೀಟರು. ಕರೆ ತಲುಪಿದ ಕ್ಷಣವೇ ವಾಹನ ಹೊರಟು, ಪೇಟೆಯ ದಟ್ಟಣೆಯನ್ನು ದಾಟಿ, ಹಳೆಯ ಊರಿನ ಇಕ್ಕಟ್ಟು ಓಣಿಯನ್ನು ಹೊಕ್ಕರೂ ಕಾಲು ತಾಸು ಹಿಡಿಯುತ್ತದೆ. ಬೆಂಕಿ ಅಷ್ಟು ಹೊತ್ತು ಕಾಯುವುದಿಲ್ಲ. ಕೋಣೆಯ ಮೇಲ್ಭಾಗದಲ್ಲಿ ಕೂಡಿದ ಬಿಸಿ ಹೊಗೆಯ ಕಾವು ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಕೋಣೆಯಲ್ಲಿರುವ ಎಲ್ಲ ವಸ್ತುಗಳೂ ಒಮ್ಮೆಲೇ ಹೊತ್ತಿಕೊಳ್ಳುವ ಘಟ್ಟಕ್ಕೆ ತಜ್ಞರು ಫ್ಲ್ಯಾಶ್‌ಓವರ್ ಎನ್ನುತ್ತಾರೆ. ಅದಾದ ಮೇಲೆ ಒಳಗೆ ಉಳಿದವರು ಬದುಕುವುದಿಲ್ಲ. ಅಮೆರಿಕದ ಪ್ರಯೋಗಾಲಯಗಳಲ್ಲಿ ಹಳೆಯ ಕಾಲದ ಹತ್ತಿ, ಮರದ ಸಾಮಾನುಗಳ ಕೋಣೆ ಈ ಘಟ್ಟಕ್ಕೆ ಬರಲು ಅರ್ಧ ತಾಸಿನಷ್ಟು ತೆಗೆದುಕೊಂಡರೆ, ಫೋಮ್ ಮತ್ತು ಪಾಲಿಯೆಸ್ಟರ್ ತುಂಬಿದ ಇಂದಿನ ಕೋಣೆ ಐದು ನಿಮಿಷದೊಳಗೆ ಬಂದಿತು. ಹತ್ತಿಯ ಗಾದಿ, ಕೌದಿಗಳ ಜಾಗಕ್ಕೆ ಫೋಮಿನ ಹಾಸಿಗೆ, ಸೋಫಾ ಬಂದ ಪ್ರತಿಯೊಂದು ಹಳ್ಳಿ ಮನೆಯೂ ಅರ್ಧ ತಾಸಿನ ಪಕ್ಷದಿಂದ ಐದು ನಿಮಿಷದ ಪಕ್ಷಕ್ಕೆ ಸದ್ದಿಲ್ಲದೆ ಸರಿದಿದೆ. ಮಲಪ್ರಭೆಯ ನೀರು ಅಮ್ಮಿನಬಾವಿಯಲ್ಲಿಯೇ ಶುದ್ಧವಾಗಿ ಹುಬ್ಬಳ್ಳಿ-ಧಾರವಾಡ ಅವಳಿ ನಗರಕ್ಕೆ ಹರಿಯುತ್ತದೆ. ಅಷ್ಟು ನೀರು ಹಾದುಹೋಗುವ ಊರಿನಲ್ಲಿಯೂ ಮೊದಲ ಐದು ನಿಮಿಷಕ್ಕೆ ಒದಗುವುದು ಮನೆಯ ಹಂಡೆಯಲ್ಲಿ ತುಂಬಿಟ್ಟ ನೀರೊಂದೇ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ಎಲ್ಲರೂ ಬಲ್ಲರು, ಆದರೆ ಬೆಂಕಿ ಹತ್ತಿದ ಮೇಲಿನ ವಾಹನ ಮತ್ತು ಸತ್ತ ಮೇಲಿನ ಪರಿಹಾರಧನ ಇವೆರಡನ್ನೇ ವ್ಯವಸ್ಥೆಯೆಂದು ಕರೆಯುವವರು ಆ ಗಾದೆಯಂತೆಯೇ ನಡೆಯುತ್ತಿದ್ದಾರೆ.

ಎಚ್ಚರವೇ ರಕ್ಷಣೆ ಎಂಬ ಮಾತಿನ ಅತಿ ದೊಡ್ಡ ಸೋಲು ಬೇರೊಂದು ಕಡೆ ಇದೆ. ಬೆಂಕಿಯ ಮುಂದೆ ಪೂರ್ಣ ಎಚ್ಚರದಲ್ಲಿರುವ, ಆದರೆ ಕಲಿಸಿಕೊಳ್ಳದ ಮನುಷ್ಯ ಮಾಡುವ ಕೆಲಸಗಳೇ ಅನೇಕ ಸಲ ಜೀವ ತೆಗೆಯುತ್ತವೆ. ಅನಿಲದ ವಾಸನೆ ಬಂದೊಡನೆ ಚುರುಕಾದವನು ಏನಾಯಿತೆಂದು ನೋಡಲು ದೀಪದ ಸ್ವಿಚ್ಚು ಒತ್ತುತ್ತಾನೆ, ಸ್ವಿಚ್ಚಿನ ಕಿಡಿಯೇ ಸಾಕಾಗುತ್ತದೆ. ಕಡಾಯಿಯ ಎಣ್ಣೆ ಹೊತ್ತಿಕೊಂಡಾಗ ಚುರುಕಾದವಳು ತಂಬಿಗೆ ನೀರು ಸುರಿಯುತ್ತಾಳೆ. ಕುದಿಯುವ ಎಣ್ಣೆಯ ತಳಕ್ಕಿಳಿದ ನೀರು ಕ್ಷಣಾರ್ಧದಲ್ಲಿ ಸಾವಿರದ ಆರುನೂರಕ್ಕೂ ಹೆಚ್ಚು ಪಟ್ಟು ಹಿಗ್ಗಿ ಆವಿಯಾಗುವಾಗ ಉರಿಯುವ ಎಣ್ಣೆಯನ್ನು ಮಾಳಿಗೆಯವರೆಗೆ ಎರಚುತ್ತದೆ, ಮಾಡಬೇಕಾಗಿದ್ದದ್ದು ಉರಿ ಆರಿಸಿ ಒಂದು ಮುಚ್ಚಳ ಮುಚ್ಚುವುದಷ್ಟೇ. ಸೀರೆಗೆ ಬೆಂಕಿ ಹತ್ತಿದವಳು ಪ್ರಾಣ ಉಳಿಸಿಕೊಳ್ಳಲು ಓಡುತ್ತಾಳೆ, ಓಟದ ಗಾಳಿ ಬೆಂಕಿಗೆ ತಿದಿಯಾಗುತ್ತದೆ. ಹೊಗೆ ತುಂಬಿದ ಕೋಣೆಯಲ್ಲಿ ಎದ್ದು ನಿಂತವನು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಬೆರೆತ ಬಿಸಿ ಪದರಕ್ಕೆ ತಲೆ ಒಡ್ಡುತ್ತಾನೆ, ನೆಲದ ಬಳಿ ತೆವಳಿದ್ದರೆ ಉಸಿರಿಗೆ ಗಾಳಿ ಸಿಗುತ್ತಿತ್ತು. ಸುಟ್ಟ ಜಾಗಕ್ಕೆ ಪ್ರೀತಿಯ ಕೈಗಳು ಅರಿಷಿಣ, ಶಾಯಿ, ಪೇಸ್ಟು ಮೆತ್ತುತ್ತವೆ. ಬೇಕಾಗಿದ್ದದ್ದು ಇಪ್ಪತ್ತು ನಿಮಿಷ ತಣ್ಣೀರಿನ ಧಾರೆ, ಆಮೇಲೆ ಶುಭ್ರವಾದ ಬಟ್ಟೆಯ ಹೊದಿಕೆ. ಇವರಲ್ಲಿ ಒಬ್ಬರೂ ಮೈಮರೆತವರಲ್ಲ. ಸಹಜ ಪ್ರವೃತ್ತಿ ಹೇಳುವುದಕ್ಕೆ ವಿರುದ್ಧವಾದದ್ದನ್ನು ಮಾಡಬೇಕಾದ ಜಾಗದಲ್ಲಿ ಮುಂಚಿನ ಅಭ್ಯಾಸವೊಂದೇ ಕೈಹಿಡಿಯುತ್ತದೆ.

ಹಾಗಾದರೆ ಕಲಿಸುವುದು ಎಂದರೇನು? ಸಪ್ತಾಹದಲ್ಲಿ ಕರಪತ್ರ ಹಂಚಿ, ಶಾಲೆಯ ಮೈದಾನದಲ್ಲಿ ಒಂದು ಟೈರು ಸುಟ್ಟು ಆರಿಸಿ ತೋರಿಸುವುದಕ್ಕೆ ಈಗ ಆ ಹೆಸರಿದೆ. ನೋಡಿದ್ದರಿಂದ ಈಜು ಬರುವುದಿಲ್ಲವೆಂದು ಕೆರೆಯ ದಂಡೆಯ ಊರಿನವರಿಗೆ ಹೇಳಬೇಕಾಗಿಲ್ಲ. ಬೆಂಕಿಯ ವಿದ್ಯೆಯೂ ಮೈಗೆ ಹತ್ತಬೇಕಾದದ್ದು. ಮನೆಮಂದಿಯೆಲ್ಲ, ಅಂದರೆ ಹೊಲದಿಂದ ಬಂದ ಗಂಡಸರೂ ಮೊಮ್ಮಕ್ಕಳೂ ಕೂಡಿ, ಒಂದು ಸಂಜೆ ದೀಪ ಆರಿಸಿದ ಕತ್ತಲಲ್ಲಿ ನಡುಮನೆಯಿಂದ ಹಿತ್ತಲ ಬಾಗಿಲಿಗೆ ತೆವಳಿ ಹೋಗಿ ಅಗುಳಿ ತೆಗೆದು ನೋಡಬೇಕು. ಯಾರು ಕೂಸನ್ನು ಎತ್ತಿಕೊಳ್ಳುವರು, ಯಾರು ಎದ್ದೇಳಲಾರದ ಮುದುಕಿಯನ್ನು ಹೊರತರುವರು, ಯಾರು ದನದ ಹಗ್ಗ ಬಿಚ್ಚುವರು, ಹೊರಬಂದು ಎಲ್ಲರೂ ಯಾವ ಬೇವಿನ ಮರದ ಕೆಳಗೆ ಕೂಡುವರು ಎಂಬುದು ಮೊದಲೇ ಗೊತ್ತಾಗಿರಬೇಕು. ಬಟ್ಟೆಗೆ ಬೆಂಕಿ ಹತ್ತಿದರೆ ನಿಲ್ಲು, ಮಲಗು, ಉರುಳು ಎಂಬುದನ್ನು ಮಕ್ಕಳು ಬಾಯಲ್ಲಿ ಹೇಳಿದರೆ ಸಾಲದು, ಅಂಗಳದಲ್ಲಿ ಉರುಳಿಯೇ ಕಲಿಯಬೇಕು. ಕಂಬಳಿಯ ವಿಷಯವನ್ನು ಇಲ್ಲಿ ತುಸು ಬಿಡಿಸಿ ಹೇಳುವುದು ಅವಶ್ಯ, ಏಕೆಂದರೆ ಪೇಟೆಯಲ್ಲಿ ‘ಫೈರ್ ಬ್ಲಾಂಕೆಟ್’ ಎಂದು ಮಾರುವ ಸಾಧನಕ್ಕೆ ಹತ್ತಿರದ ಬಂಧು ಈ ಸೀಮೆಯ ಮನೆಗಳಲ್ಲಿ ತಲೆಮಾರುಗಳಿಂದ ಇದೆ. ಕುರಿಯ ಉಣ್ಣೆ ತನ್ನೊಳಗಿನ ತೇವ ಮತ್ತು ಸಾರಜನಕದಿಂದಾಗಿ ಸುಲಭವಾಗಿ ಹೊತ್ತುವುದಿಲ್ಲ, ಹೊತ್ತಿದರೂ ಕರಿಕಾಗಿ ತಾನೇ ಆರುತ್ತದೆ. ಕರಿ ಕಂಬಳಿಯೊಂದನ್ನು ಅಡುಗೆಮನೆಯ ಬಾಗಿಲ ಬಳಿಯ ಗೂಟಕ್ಕೆ ತೂಗುಹಾಕಿ, ಉರಿಯುವ ಮೈಗೆ ಅದನ್ನು ಹೇಗೆ ಸುತ್ತಬೇಕೆಂದು ಎಲ್ಲರೂ ಒಮ್ಮೆ ಮಾಡಿ ನೋಡಿದ್ದರೆ ಸಾಕು. ಅಂಗಡಿಯಲ್ಲಿ ಕಂಬಳಿ ಎಂಬ ಹೆಸರಿನಿಂದಲೇ ಸಿಗುವ ಪಾಲಿಯೆಸ್ಟರ್ ಹೊದಿಕೆ ಕರಗಿ ಚರ್ಮಕ್ಕೆ ಅಂಟುವಂಥದು, ಅದನ್ನು ಮುಟ್ಟಕೂಡದೆಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು.

ಬಡವರಿಗೆ ಇದೆಲ್ಲ ಎಟುಕದೆಂಬ ಆಕ್ಷೇಪ ಕರುಣೆಯ ಮಾತಿನಂತೆ ಕೇಳಿಸುತ್ತದೆ. ಹಿತ್ತಲ ಬಾಗಿಲ ಮುಂದಿನ ಕುಳ್ಳನ್ನು ನಾಲ್ಕು ಮಾರು ಆಚೆ ಸರಿಸಲು, ಬಣವಿಯನ್ನು ಗೋಡೆಯಿಂದ ದೂರ ಒಟ್ಟಲು, ರಾತ್ರಿ ರೆಗ್ಯುಲೇಟರು ತಿರುಗಿಸಲು, ಹಂಡೆಯಲ್ಲಿ ನೀರು ತುಂಬಿಡಲು ಹಣ ಬೇಕಿಲ್ಲ. ಹಣ ಬೇಕಾದ ಕಡೆ, ಅಂದರೆ ತಂತಿ ಬದಲಿಸುವಲ್ಲಿ, ಆರ್‌ಸಿಸಿಬಿ ಕೂಡಿಸುವಲ್ಲಿ, ಬೆಲೆ ತೆರಬೇಕಾದವರು ಬಡವರೇ ಆಗಬೇಕೆಂದು ಯಾರೂ ನಿಯಮ ಮಾಡಿಲ್ಲ. ದೀಪವನ್ನೂ ಅನಿಲವನ್ನೂ ಮನೆಮನೆಗೆ ಮುಟ್ಟಿಸಿದ ಸರ್ಕಾರ ಅವುಗಳ ಕಟ್ಟೆಯನ್ನೂ ಕಟ್ಟಿಕೊಡಬಹುದು. ರಾಷ್ಟ್ರೀಯ ಕಟ್ಟಡ ಸಂಹಿತೆ 15 ಮೀಟರ್ ಎತ್ತರ ದಾಟಿದ ಕಟ್ಟಡಗಳಿಗೆ ಮೆಟ್ಟಿಲು, ನೀರಿನ ತೊಟ್ಟಿ, ಹೊರದಾರಿಗಳನ್ನು ವಿವರವಾಗಿ ಗೊತ್ತುಮಾಡುತ್ತದೆ. ಜಂತಿ ಮನೆಯನ್ನು ಆ ಅಳತೆಗೆ ತರಲಾಗದು, ತರಬೇಕಾಗಿಯೂ ಇಲ್ಲ. ವಸತಿ ಯೋಜನೆಗಳಲ್ಲಿ ಸಹಾಯಧನದಿಂದ ಕಟ್ಟುವ ಮನೆಗಳಿಗಾದರೂ ಅಡುಗೆಮನೆಯಿಂದ ನೇರವಾಗಿ ಹೊರಕ್ಕೊಂದು ಬಾಗಿಲು, ನೆಲಮಟ್ಟದಲ್ಲಿ ಒಂದು ಗಾಳಿಕಂಡಿ ಎಂಬ ಎರಡು ಷರತ್ತು ಹಾಕುವುದು ಪಂಚಾಯತಿಯ ಮಟ್ಟದಲ್ಲಿಯೇ ಆಗುವ ಕೆಲಸ.

ಅದಕ್ಕಿಂತ ಮೊದಲು ಆಗಬೇಕಾದದ್ದು ದಾಖಲೆಯ ಭಾಷೆಯ ತಿದ್ದುಪಡಿ. ಬೆಂಕಿ ಬಿದ್ದ ಮನೆಯ ಪಂಚನಾಮೆಯಲ್ಲಿ ‘ಕಾರಣ’ ಎಂಬ ಕಲಮಿನ ಎದುರು ನಿಷ್ಕಾಳಜಿ ಎಂಬ ಒಂದೇ ಪದ ಬರೆಯುವ ರೂಢಿಯನ್ನು ನಿಲ್ಲಿಸಿ, ಆ ಜಾಗದಲ್ಲಿ ಒಲೆ ಯಾವ ಬಗೆಯದು ಮತ್ತು ಬಾಗಿಲಿನಿಂದ ಎಷ್ಟು ಅಡಿ ದೂರ, ಸಿಲಿಂಡರಿನ ಪರೀಕ್ಷೆಯ ಅವಧಿ ಯಾವುದು, ರಬ್ಬರಿನ ನಳಿಕೆ ಎಷ್ಟು ವರ್ಷದ್ದು, ಫ್ಯೂಸಿಗೆ ಕಟ್ಟಿದ ತಂತಿ ಎಂಥದು, ಮೈಮೇಲಿದ್ದ ಬಟ್ಟೆ ಯಾವ ನೂಲಿನದು, ಸುಟ್ಟ ಮೇಲೆ ಎಷ್ಟು ಹೊತ್ತಿಗೆ ನೀರು ಬಿತ್ತು, ಆ ಮನೆಯವರಿಗೆ ಯಾರು, ಯಾವಾಗ, ಏನನ್ನು ಕಲಿಸಿದ್ದರು, ಮತ್ತು ಆ ರಾತ್ರಿ ಹಿತ್ತಲ ಬಾಗಿಲು ತೆರೆಯುವ ಸ್ಥಿತಿಯಲ್ಲಿತ್ತೇ ಎಂಬ ಪ್ರಶ್ನೆಗಳನ್ನು ಒಂದೊಂದಾಗಿ ಅಚ್ಚು ಹಾಕಿಸಿ, ಪ್ರತಿಯೊಂದಕ್ಕೂ ಸ್ಥಳದಲ್ಲಿಯೇ ಉತ್ತರ ಬರೆಸಬೇಕು.